ಬಾಗಿಲು ಒಡೆಯದ ಬೀದಿ

ಬೀದಿಯವರ ಬೀಗವನ್ನೆಲ್ಲ ತೆಗೆಯುವವನಿಗೆ ತನ್ನ ಅಂಗಡಿಯ ಬೀಗ ತೆಗೆಯಲು ಆಗುತ್ತಿರಲಿಲ್ಲ. ಅದು ಯಾರಿಗೂ ಗೊತ್ತಾಗಬಾರದೆಂದು ಅವನು ಪಡುತ್ತಿದ್ದ ಪಾಡು ಒಂದೆರಡಲ್ಲ. ಬೆಳಿಗ್ಗೆ ಶಟರ್ ಮುಂದೆ ನಿಂತು, ಯಾರನ್ನೋ ಕಾಯುತ್ತಿರುವವನ ಹಾಗೆ ಆಚೆ ಈಚೆ ನೋಡುವುದು. ಪಕ್ಕದ ಅಂಗಡಿಯ ದರ್ಜಿ ಬಂದ ಕೂಡಲೇ ಬೀಗದಕೈ ಅವನ ಮುಂದೆ ಹಿಡಿದು, "ತಗೋಪ್ಪ, ಇವತ್ತು ನಿನ್ನ ಕೈಗುಣ ಹೇಗಿದೆ ನೋಡೋಣ. ನೀನೇ ತೆಗಿ" ಅನ್ನುವುದು.

ದರ್ಜಿ ಮೊದಮೊದಲು ನಗುತ್ತ ತೆಗೆದ. ಆಮೇಲೆ ನಗುವುದನ್ನು ಬಿಟ್ಟ, ತೆಗೆಯುವುದನ್ನು ಬಿಡಲಿಲ್ಲ.

ಅವನನ್ನು ಎಲ್ಲರೂ ಕರೆಯುವುದು ಬೀಗದಣ್ಣ ಎಂದೇ. ಒಂದು ಬಾಗಿಲಿನಷ್ಟು ಅಗಲದ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಇನ್ನೂ ಹಲ್ಲು ಕೊರೆಯದ ಬೀಗದಕೈಗಳು. ಮೇಜಿನ ಮೇಲೆ ಕೀ ಉಜ್ಜುವ ಸಣ್ಣ ಅರಗಳು, ಬೀಗದ ಕಂಡಿಗೆ ತೂರಿಸುವ ಸೂಜಿಯಂಥ ಕೊಕ್ಕೆಗಳು. ಕೊಕ್ಕೆಯ ತುದಿಯಿಂದ ಒಳಗಿನ ಪಿನ್ನುಗಳನ್ನು ಒಂದೊಂದಾಗಿ ಎತ್ತುತ್ತ, ಅವು ಕೂರುವ ಸದ್ದನ್ನು ಬೆರಳಲ್ಲೇ ಕೇಳಿಸಿಕೊಳ್ಳುವ ಆಸಾಮಿ. ಅವನಿಗೆ ಇದ್ದ ಹಮ್ಮು ಒಂದೇ: ತಾನು ಇಲ್ಲಿ ಅಂಗಡಿ ಇಟ್ಟ ಮೇಲೆ ಈ ಬೀದಿಯಲ್ಲಿ ಬೀಗದಕೈ ಕಳೆಯಿತೆಂದು ಯಾರೂ ಒಂದು ಬಾಗಿಲನ್ನೂ ಒಡೆದಿಲ್ಲ.

ಈಗ ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳು ಸೆಟೆದು ನಿಂತಿರುತ್ತಿದ್ದವು. ಗೆಣ್ಣುಗಳು ಊದಿ, ಮುಟ್ಟಿದರೆ ಬಿಸಿ. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಬೇಕು. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಸಡಿಲ. ಹಾಗಾಗಿ ಬೀಗದಣ್ಣ ತನ್ನ ಕಸುಬಿನ ಬುದ್ಧಿಯಿಂದಲೇ ಕಾಯಿಲೆಗೆ ಹೆಸರಿಟ್ಟುಬಿಟ್ಟ. ತುಕ್ಕು. ತುಕ್ಕಿಗೆ ಮದ್ದು ಎಣ್ಣೆ. ಬೆರಳುಗಳಿಗೆ ಎಣ್ಣೆ ತಿಕ್ಕಿಕೊಂಡ, ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದ, ಕಾಯುವ ಬೇಸರಕ್ಕೆ ಒಂದರ ಮೇಲೊಂದು ಸಿಗರೇಟು ಸುಟ್ಟ.

ಅವನ ಹೆಂಡತಿಯ ತಂಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬಂದಾಗಲೆಲ್ಲ ಕೈ ನೋಡಿ ಹೇಳುತ್ತಿದ್ದಳು. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ.

"ಭಾವ, ಒಂದ್ಸಲ ಬಂದು ರಕ್ತ ಕೊಟ್ಟು ಹೋಗಿ."

"ಊರವರ ರಕ್ತ ಹೀರಿದ್ದು ಸಾಲದೆ ನಂದೂ ಬೇಕಾ ನಿಂಗೆ? ಇದು ಹಳೇ ಬೀಗ ಕಣಮ್ಮ. ಸ್ವಲ್ಪ ಬಿಗಿ ಇರುತ್ತೆ."

"ಹಳೇ ಬೀಗ ಬಿಸಿ ಆಗುತ್ತಾ ಭಾವ?"

ಬೀಗದಣ್ಣ ಪೇಪರ್ ಬಿಡಿಸಿ ಮುಖ ಮುಚ್ಚಿಕೊಂಡ.

ಹೀಗಿರುವಾಗ ಒಂದು ದಿನ ಬೆಳಗಾಗುತ್ತಲೇ ದರ್ಜಿ ಓಡಿ ಬಂದ. ಎದುರು ಕಟ್ಟಡದ ಅಜ್ಜಿ ಒಲೆ ಹಚ್ಚಿ, ಬಾಗಿಲಿಗೆ ಒಳಗಿನಿಂದ ಬೀಗ ಹಾಕಿಕೊಂಡು ಸಿಕ್ಕಿಬಿದ್ದಿದ್ದಳು. ಬೀಗದಕೈ ಎಲ್ಲಿಟ್ಟಳೋ ಅವಳಿಗೇ ನೆನಪಿಲ್ಲ. ಒಲೆ ಆರಿಸು ಎಂದರೆ ಯಾವ ಒಲೆ ಎಂದು ಕೇಳುತ್ತಿದ್ದಳು. ಬಾಗಿಲ ಸಂದಿನಿಂದ ಸೀದ ವಾಸನೆ ಬರುತ್ತಿತ್ತು.

ಬೀಗದಣ್ಣ ಬಾಗಿಲ ಮುಂದೆ ಮಂಡಿಯೂರಿದ. ಕೊಕ್ಕೆ ಹಿಡಿದ, ಅದು ಜಾರಿ ಬಿತ್ತು. ಮತ್ತೆ ಹಿಡಿದ, ಮತ್ತೆ ಬಿತ್ತು. ಬೆರಳು ಯಾರದೋ ಬೆರಳಾಗಿತ್ತು. ಒಳಗಿನಿಂದ ಅಜ್ಜಿ ಕೆಮ್ಮುತ್ತ ಹೇಳಿದಳು, "ಬೀಗದಣ್ಣ ಬಂದಿದಾನಲ್ಲ, ಇನ್ನೇನು ಭಯ ನಂಗೆ."

ಅವನು ಎದ್ದು ಪಕ್ಕಕ್ಕೆ ಸರಿದ. "ಒಡೀರಿ" ಅಂದ.

ಹಾರೆ ತಂದು ಬಾಗಿಲು ಮೀಟಿದರು. ಅಜ್ಜಿಗೆ ಏನೂ ಆಗಲಿಲ್ಲ. ಯಾರೂ ಬೀಗದಣ್ಣನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನಿಸಿತು. ಅಲ್ಲಿಂದ ನೇರವಾಗಿ ಆಸ್ಪತ್ರೆಯ ಲ್ಯಾಬಿಗೆ ನಡೆದು, ನಾದಿನಿಯ ಮುಂದೆ ಎರಡೂ ಕೈ ಚಾಚಿ ನಿಂತ.

"ಈ ಕೈ ಹೋಯ್ತು ಅಂದ್ರೆ ನಾನು ಹೋದ ಹಾಗೆ" ಅಂದ.

ನಾದಿನಿ ತಮಾಷೆ ಮಾಡಲಿಲ್ಲ. ಪರೀಕ್ಷೆಗೆ ರಕ್ತ ತೆಗೆದಳು. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು, ತೆಳು ಗಾಜು ಮುಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟಳು. "ಬನ್ನಿ, ನಿಮ್ಮ ಬೀಗದೊಳಗೆ ನೀವೇ ನೋಡಿ."

ಮೊದಲು ಕಂಡದ್ದು ಒತ್ತೊತ್ತಾಗಿ ಕೂತ ತಿಳಿ ಹಳದಿ ಬಿಲ್ಲೆಗಳು. ಅವೇ ಕೆಂಪು ರಕ್ತಕಣಗಳು, ಬಿಡಿಬಿಡಿಯಾಗಿ ನೋಡಿದರೆ ಹಳದಿ ಅಂದಳು ನಾದಿನಿ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು, ಒಳಗೆ ರವೆಯಂಥ ಕಾಳು ತುಂಬಿದ, ನೀರಿನ ಬಣ್ಣದ ಒಂದು ಜೀವ. ಅವನು ಅದನ್ನೇ ದಿಟ್ಟಿಸಿದ. ಬಹಳ ಹೊತ್ತಿನ ಮೇಲೆ ಅವನ ಮೈ ಜುಮ್ಮೆಂದಿತು.

"ಇದು ನಡೀತಾ ಇದೆ" ಅಂದ ಪಿಸುದನಿಯಲ್ಲಿ.

"ಹೌದು. ಬಿಳಿ ರಕ್ತಕಣ. ನಿಮ್ಮ ಕಾವಲುಗಾರ."

"ಕಣ್ಣಿಲ್ಲ, ಕಾಲಿಲ್ಲ. ಎಲ್ಲಿಗೆ ಹೋಗ್ಬೇಕು ಅಂತ ಹೇಗೆ ಗೊತ್ತು ಇದಕ್ಕೆ?"

"ಮೂಸಿಕೊಂಡು ಹೋಗುತ್ತೆ. ನೀವು ಅರದಲ್ಲಿ ಹೆಬ್ಬೆರಳು ಕುಯ್ಕೊಂಡ್ರಿ ಅನ್ನಿ. ಅಲ್ಲಿನ ಜೀವಕೋಶಗಳು ಕಣ್ಣಿಗೆ ಕಾಣದ ಕೀಗಳನ್ನ ಕೊರೆದು ರಕ್ತಕ್ಕೆ ಬಿಡ್ತಾವೆ. ಬೇರೆ ಜೀವಕೋಶಗಳ ಮೈಮೇಲೆಲ್ಲ ಸಣ್ಣ ಬೀಗಗಳಿರ್ತಾವೆ. ಸರಿಯಾದ ಕೀ ಸರಿಯಾದ ಬೀಗಕ್ಕೆ ಕೂತು ತಿರುಗಿದ್ರೆ ರಕ್ತನಾಳದ ಗೋಡೆ ಸಂದು ಬಿಡುತ್ತೆ. ಈ ಬಿಳಿ ಕಣಗಳು ಹಿಟ್ಟಿನ ಹಾಗೆ ಮೈ ಹಿಗ್ಗಿಸಿ, ಕುಗ್ಗಿಸಿ, ಆ ಸಂದಲ್ಲಿ ನುಸುಳಿ ಹೊರಗೆ ಬಂದು ಕ್ರಿಮಿಗಳನ್ನ ನುಂಗ್ತಾವೆ. ಆ ಗದ್ದಲಕ್ಕೇ ಕೆಂಪಾಗೋದು, ಊದೋದು, ಬಿಸಿ ಆಗೋದು. ಉರಿಯೂತ ಅಂತಾರೆ. ಕೆಲಸ ಮುಗಿದ ಮೇಲೆ ನಿಲ್ಲಿಸೋ ಕೀಗಳೂ ಬರ್ತಾವೆ. ಎಲ್ಲ ಶಾಂತ."

ಬೀಗದಣ್ಣ ತನ್ನ ಹೆಬ್ಬೆರಳು ನೋಡಿಕೊಂಡ. ಅರ ತಾಗಿ ಎಷ್ಟು ಸಲ ಕುಯ್ದಿತ್ತೋ, ಎಷ್ಟು ಸಲ ಕೂಡಿತ್ತೋ. ಬಟ್ಟೆ ಸುತ್ತಿ ಮರೆತುಬಿಡುತ್ತಿದ್ದ. ತಾನು ಮರೆತಾಗಲೆಲ್ಲ ಒಳಗೆ ಇಷ್ಟು ಜನ ದುಡಿದಿದ್ದರು. ಜೀವಮಾನವೆಲ್ಲ ಬೀಗ ಬಿಚ್ಚಿ ಕೂಡಿಸಿದವನಿಗೆ, ತನ್ನ ಮೈಯೇ ಕೋಟಿ ಬೀಗಗಳ ಅಂಗಡಿ ಎಂದು ಈ ವಯಸ್ಸಿನಲ್ಲಿ ತಿಳಿಯಿತು. ಅವನ ಕಣ್ಣು ಒದ್ದೆಯಾದವು.

"ಹಾಗಾದ್ರೆ ನನ್ನ ಗೆಣ್ಣು ಯಾಕೆ ಹೀಗೆ? ಅಲ್ಲೇನು ಗಾಯ ಇಲ್ಲವಲ್ಲ."

"ಅದೇ ಸಂಕಟ. ಡಾಕ್ಟ್ರು ನೋಡಿ ಹೇಳ್ಬೇಕು. ಆದ್ರೆ ನನ್ನ ಅನುಮಾನ, ಕಾವಲುಗಾರರಿಗೆ ಗುರುತು ತಪ್ಪಿದೆ. ನಿಮ್ಮ ಕೀಲಿನ ಒಳಪದರಾನೇ ವೈರಿ ಅಂದ್ಕೊಂಡಿದಾರೆ."

"ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ."

"ಹೂಂ. ಒಂದು ಕೀ ತಿರುಗಿದ್ರೆ ಸುದ್ದಿ ಜೀವಕೋಶದ ನಡುಮನೆಗೆ ಹೋಗುತ್ತೆ. ಅಲ್ಲಿಂದ ಇನ್ನಷ್ಟು ಕೀ ಕೊರೀರಿ ಅಂತ ಅಪ್ಪಣೆ ಬರುತ್ತೆ. ನಿಲ್ಲೋದೇ ಇಲ್ಲ. ವರ್ಷಗಟ್ಟಲೆ ಹೀಗೇ ಒಳಗೊಳಗೆ ಉರಿದ್ರೆ ಮೂಳೆ ಸವೆಯುತ್ತೆ, ಹೃದಯದ ರಕ್ತನಾಳಕ್ಕೂ ಪೆಟ್ಟು. ಸಿಗರೇಟು ಆ ಉರಿಗೆ ಗಾಳಿ ಹಾಕುತ್ತೆ."

"ನೋವಿನ ಮಾತ್ರೆ ತಗೋತಿದ್ನಲ್ಲ?"

"ಬಾಗಿಲ ಗಂಟೆ ಕಿತ್ತುಹಾಕಿದ್ರೆ ಬಾಗಿಲಲ್ಲಿ ನಿಂತೋರು ಹೋಗಿಬಿಡ್ತಾರಾ ಭಾವ?"

ಬೀಗದಣ್ಣ ಊದಿದ ಗೆಣ್ಣುಗಳನ್ನು ಸವರಿಕೊಂಡ. ಆಮೇಲೆ ಕೇಳಿದ, "ಕಳ್ಳ ಕೀ ಕಾಟ ಇದ್ರೆ ನಾವು ಬೀಗದ ಕಂಡಿಗೆ ತಿರುಗದ ಕೀ ಸಿಕ್ಕಿಸಿ ಬಿಡ್ತೀವಿ. ಬೇರೆ ಕೀ ಒಳಗೆ ಹೋಗಲ್ಲ. ಹಂಗೇನಾದ್ರೂ ಮಾಡೋಕಾಗುತ್ತಾ?"

ನಾದಿನಿ ಮೊದಲ ಸಲ ನಕ್ಕಳು. "ಅಂಥ ಔಷಧಿನೂ ಇದೆ. ಓಡಾಡೋ ಕೀಗಳನ್ನೇ ಹಿಡಿದಿಟ್ಕೊಳ್ಳೋ ಔಷಧಿನೂ ಇದೆ. ಮೊದಲು ಕೊಡೋದು ಸಾಮಾನ್ಯವಾಗಿ ಕಾವಲುಗಾರರ ಆವೇಶ ಇಳಿಸೋ ಮಾತ್ರೆ. ಯಾವುದು ನಿಮಗೆ ಅನ್ನೋದು ಡಾಕ್ಟ್ರ ಕೆಲಸ."

ಅವಳ ಅನುಮಾನ ನಿಜವಾಯಿತು. ಡಾಕ್ಟರು ಸಂಧಿವಾತ ಎಂದರು. ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ ಬರೆದರು. ದಿನಾ ನುಂಗಿದರೆ ಅಪಾಯ ಎಂದು ಎರಡೆರಡು ಸಲ ಹೇಳಿದರು. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ತಾನಾಗಿ ನಿಲ್ಲಿಸಬಾರದು, ಗುಣ ಕಾಣಲು ವಾರಗಳೇ ಬೇಕು. ಬೀಗದಣ್ಣನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಸ್ವಲ್ಪ ದಿನಕ್ಕೇ "ಇದರಲ್ಲೇನೂ ಇಲ್ಲ" ಎಂದು ರಾಗ ತೆಗೆದ. ಹೆಂಡತಿ ಅಂಗಿಯ ಗುಂಡಿ ಹಾಕುತ್ತಿದ್ದವಳು ಕೈ ನಿಲ್ಲಿಸಿ, "ಬೀಗ ತೆಗೆಯುವಾಗ ಪಕ್ಕದಲ್ಲಿ ನಿಂತು ಆತುರ ಮಾಡೋರಿಗೆ ನೀವೇನಂತೀರಿ?" ಎಂದಳು. ಅವನು ಉಳಿದ ಗುಂಡಿಗಳಿಗೆ ಎದೆಯೊಡ್ಡಿ ನಿಂತ. ಸಿಗರೇಟು ಬಿಡುವುದು ಮಾತ್ರೆ ನುಂಗಿದಷ್ಟು ಸುಲಭವಾಗಲಿಲ್ಲ. ಬಿಟ್ಟ, ಹಿಡಿದ, ಮತ್ತೆ ಬಿಟ್ಟ.

ಒಂದು ಬೆಳಿಗ್ಗೆ ಹೆಂಡತಿ ಗುಂಡಿ ಹಾಕಲು ಬಂದರೆ ಅಂಗಿ ಆಗಲೇ ಕತ್ತಿನವರೆಗೆ ಮುಚ್ಚಿತ್ತು. ಅವಳು ಕೊರಳಪಟ್ಟಿ ಸರಿಮಾಡಿ ಒಳಗೆ ಹೋದಳು. ಎಡಗೈಯ ಒಂದು ಬೆರಳು ಮಾತ್ರ ಡೊಂಕಾಗಿಯೇ ಉಳಿಯಿತು. ಆ ಮೂಳೆ ಮೊದಲೇ ಸವೆದಿತ್ತು. ಇನ್ನೂ ಮೊದಲೇ ಬಂದಿದ್ದರೆ ಅದೂ ಉಳಿಯುತ್ತಿತ್ತೇನೋ ಎಂದರು ಡಾಕ್ಟರು.

ಅಜ್ಜಿ ಹೊಸ ಬಾಗಿಲಿಗೂ ಒಳಗಿನಿಂದ ಬೀಗ ಜಡಿದುಕೊಂಡು ಬೀಗದಕೈ ಎಲ್ಲಿಟ್ಟೆನೆಂದು ಮರೆತಳು. ಅದೂ ಬೆಳಗಿನ ಹೊತ್ತಿನಲ್ಲೇ. ದರ್ಜಿ ಓಡಿ ಬಂದವನು ಬೀಗದಣ್ಣನ ಕೈ ನೋಡಿ ಕರೆಯಲೋ ಬೇಡವೋ ಎಂದು ನಿಂತ. ಯಾರೋ ಆಗಲೇ ಹಾರೆ ತಂದಿದ್ದರು. ಬೀಗದಣ್ಣ ಮಂಡಿಯೂರಿ ಕೊಕ್ಕೆ ತೂರಿಸಿ ಕಣ್ಣು ಮುಚ್ಚಿದ. ಪಿನ್ನುಗಳು ಒಂದೊಂದಾಗಿ ಬೆರಳಿಗೆ ಮಾತು ಕೊಟ್ಟವು. ಈ ಬೆರಳಿನೊಳಗೂ ಇದೇ ಹೊತ್ತಿನಲ್ಲಿ ಎಷ್ಟೋ ಬೀಗಗಳು ಸದ್ದಿಲ್ಲದೆ ತಿರುಗುತ್ತಿವೆ ಎಂಬುದು ನೆನಪಾಗಿ ಅವನಿಗೆ ಮತ್ತೆ ಮೈ ಜುಮ್ಮೆಂದಿತು. ಬಾಗಿಲು ತೆರೆಯಿತು.

ಅಜ್ಜಿ ಹೊರಗೆ ಬಂದು ಅವನ ತಲೆ ನೇವರಿಸಿದಳು. "ಹೋದ ಸಲ ಯಾರೋ ಕೈಲಾಗದೋನು ಬಂದು ಬಾಗಿಲು ಒಡೆಸಿದ ಕಣಪ್ಪ. ನೀನು ಬಂದಿದ್ರೆ ಹಾಗಾಗ್ತಿರಲಿಲ್ಲ."

"ಹೌದಜ್ಜಿ," ಅಂದ ಬೀಗದಣ್ಣ. "ಅವನಿಗೆ ಆಗ ಹುಷಾರಿರಲಿಲ್ಲ. ಅದು ಅವನಿಗೇ ಗೊತ್ತಿರಲಿಲ್ಲ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಾಳೆ ಬೆಳಿಗ್ಗೆ ಎದ್ದ ಕೂಡಲೇ ಎರಡೂ ಕೈ ಮುಷ್ಟಿ ಕಟ್ಟಿ ನೋಡಿ. ಬೆರಳು ಬಿಗಿದು ಅರ್ಧ ಗಂಟೆಗೂ ಮೀರಿ ಸಡಿಲವಾಗದಿದ್ದರೆ, ಗೆಣ್ಣು ಊದಿ ಬಿಸಿಯಾಗಿದ್ದರೆ, ಹಾಗೆ ವಾರಗಟ್ಟಲೆ ನಡೆದರೆ, ವಯಸ್ಸು ಎಂದು ಸುಮ್ಮನಿರಬೇಡಿ. ಎಣ್ಣೆ ತಿಕ್ಕುತ್ತ, ನೋವಿನ ಮಾತ್ರೆ ನುಂಗುತ್ತ ಕಾಲ ಕಳೆಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ತೋರಿಸಿ. ಕೊಟ್ಟ ಔಷಧಿಯನ್ನು ಹೇಳಿದ ಹಾಗೆಯೇ ತೆಗೆದುಕೊಳ್ಳಿ, ಕೇಳದೆ ನಿಲ್ಲಿಸಬೇಡಿ. ಸಿಗರೇಟು ಬಿಡಿ. ನಿಮ್ಮೊಳಗೆ ಹಗಲಿರುಳು ಕಾವಲು ಕಾಯುವವರು ಗುರುತು ತಪ್ಪಿದಾಗ, ಅವರಿಗೆ ದಾರಿ ತೋರಿಸುವ ಕೆಲಸ ನಿಮ್ಮದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವವರೆಗೆ ಕಾಯಬೇಡಿ.