ನವಸಾಗರದ ಬೆಸುಗೆ

ನನ್ನ ಹೆಸರು ಗಾದೆಪ್ಪ. ಕೊಟ್ಟೂರಿನಲ್ಲಿ ಕಲಾಯಿ ಗಾದೆಪ್ಪನ ಮನೆ ಯಾವುದೆಂದು ಕೇಳಿದರೆ ಒಂದು ಕಾಲಕ್ಕೆ ಮಕ್ಕಳೇ ಮುಂದೆ ಓಡಿ ತೋರಿಸುತ್ತಿದ್ದವು. ನಲವತ್ತು ವರ್ಷ ತಿದಿ ಒತ್ತಿ, ಈ ಊರಿನ ಕೊಳಗ, ತಪ್ಪಲೆ, ತಂಬಿಗೆಗಳಿಗೆಲ್ಲ ತವರ ಬಳಿದವನು ನಾನು. ಈಗ ಎಲ್ಲರ ಮನೆಗೂ ಸ್ಟೀಲು ಬಂದಿದೆ; ಅದಕ್ಕೆ ಕಲಾಯಿಯೂ ಬೇಡ, ನಾನೂ ಬೇಡ. ಅದು ಹಾಳಾಗಿ ಹೋಗಲಿ. ನಾನು ಹೇಳಬೇಕೆಂದು ಕೂತಿರುವುದು ಬೇರೆ. ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಇದ್ದದ್ದಕ್ಕೇ ಇಷ್ಟೆಲ್ಲ ಆಯಿತು.

ನನ್ನ ಮಗಳು ಅಂಜಿನಕ್ಕನ ಗಂಡ ಹೊಸಪೇಟೆ ಆಚೆಯ ಗಣಿಯೊಂದರಲ್ಲಿ ಲಾರಿಗೆ ಅದಿರು ತುಂಬುತ್ತಿದ್ದ. ಗುಡ್ಡದ ಮಣ್ಣು ಜಾರಿ ಅಲ್ಲೇ ಹೋದ. ಅವಳು ಮಗನನ್ನು ಕಟ್ಟಿಕೊಂಡು ನನ್ನ ಮನೆಗೆ ಬಂದಳು. ಆ ಮಗ ಓಬಳೇಶ. ಎಂಬತ್ತೆರಡನೇ ಇಸವಿಗೆ ಅವನಿಗೆ ಹದಿನಾರು ತುಂಬಿತ್ತು, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಕೈಕೊಟ್ಟು ಮನೆಯಲ್ಲಿದ್ದ. ಅವನ ಚಿಕ್ಕಪ್ಪ ಇನ್ನೂ ಅದೇ ಗಣಿಯಲ್ಲಿದ್ದ. ಸಂಕ್ರಾಂತಿಗೆ ಬಂದವನು, ಮೇಸ್ತ್ರಿಗೆ ಹೇಳಿಟ್ಟಿದ್ದೇನೆ, ಯುಗಾದಿ ಮುಗಿಯುತ್ತಲೇ ಹುಡುಗನನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಅಂಜಿನಕ್ಕ ಒಲೆಯ ಮುಂದಿನಿಂದ ಏಳಲಿಲ್ಲ. ಗಂಡನನ್ನು ನುಂಗಿದ ಗುಡ್ಡಕ್ಕೆ ಮಗನನ್ನೂ ಕಳಿಸುವುದು ಯಾವ ತಾಯಿಗೆ ಬೇಕು? ಆದರೆ ಮನೆಯಲ್ಲಿ ಉಣ್ಣುವ ಬಾಯಿ ಮೂರು, ನನ್ನ ತಿದಿಗೆ ವಾರಕ್ಕೆ ಎರಡು ದಿನ ಕೆಲಸ.

ಓಬಳೇಶನಿಗೆ ಇದ್ದದ್ದು ರೇಡಿಯೋದ ಹುಚ್ಚು. ಹಾಳಾದ ಬ್ಯಾಟರಿ, ತಂತಿ, ಬಲ್ಬು ಏನು ಸಿಕ್ಕರೂ ತಂದು ನನ್ನ ಇದ್ದಿಲ ಡಬ್ಬಿಯ ಪಕ್ಕ ಗುಡ್ಡೆ ಹಾಕುತ್ತಿದ್ದ. ಹರಪನಹಳ್ಳಿಯಲ್ಲಿ ಗುರುಸಂಗಪ್ಪ ಎಂಬಾತನ ರೇಡಿಯೋ ರಿಪೇರಿ ಅಂಗಡಿ ಇತ್ತು. ಆತ ವರ್ಷಕ್ಕೊಬ್ಬ ಹುಡುಗನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದ, ಯುಗಾದಿಯ ಮಾರನೆಯ ದಿನ. ಊಟ ಹಾಕಿ, ಕೈಗಿಷ್ಟು ಕೊಟ್ಟು ಕಲಿಸುತ್ತಿದ್ದ. ಅದಕ್ಕೊಂದು ನೇಮ ಇಟ್ಟಿದ್ದ: ಬರುವವನು ಹಳೆಯ ಸಾಮಾನಿನಿಂದಲೇ ತಾನು ಕಟ್ಟಿದ ರೇಡಿಯೋ ತಂದು ಹಾಡಿಸಿ ತೋರಿಸಬೇಕು. ಹೊಸದು ಕೊಂಡು ಮಾಡುವುದೇನು ದೊಡ್ಡಸ್ತಿಕೆ ಎಂದು ಅವನ ಮಾತು. ಆ ಒಂದು ಜಾಗ ಸಿಕ್ಕರೆ ಹುಡುಗ ಗಣಿಯಿಂದ ಉಳಿದ. ಸಿಗದಿದ್ದರೆ ಚಿಕ್ಕಪ್ಪನ ಹಿಂದೆ ಹೊರಟ. ಮೂವರಿಗೂ ಇದು ಗೊತ್ತಿತ್ತು, ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಅವನ ಹತ್ತಿರ ಒಂದು ಹಾಳೆ ಇತ್ತು, ಯಾವುದೋ ವಿಜ್ಞಾನದ ಪತ್ರಿಕೆಯದು. ಎರಡು ಟ್ರಾನ್ಸಿಸ್ಟರಿನ ರೇಡಿಯೋ ಮಾಡುವ ಬಗೆ ಅದರಲ್ಲಿ ಬರೆದಿತ್ತಂತೆ. ನನಗೆ ಓದು ಬಾರದು, ಅವನೇ ಓದಿ ಹೇಳುತ್ತಿದ್ದ. ಎರಡು ಟ್ರಾನ್ಸಿಸ್ಟರು, ಒಂದು ಡಯೋಡು, ಸ್ಟೇಷನ್ ತಿರುಗಿಸುವ ಗ್ಯಾಂಗು, ಸುರುಳಿ ಸುತ್ತಿದ ಕರಿ ಕಡ್ಡಿ, ಕಿವಿಗಿಡುವ ಫೋನು. ಇವು ಎಲ್ಲಿ ಸಿಗುತ್ತವೆ ಎಂದು ಕೇಳಲು ಮೊದಲು ಕೂಡ್ಲಿಗಿಗೆ ಹೋದೆವು. ಅಲ್ಲಿಯ ರೇಡಿಯೋ ಅಂಗಡಿಯವನು ಕಡಲೆಕಾಳಿನಷ್ಟೇ ಇರುವ ಟ್ರಾನ್ಸಿಸ್ಟರ್ ತೆಗೆದು ತೋರಿಸಿ ಹೇಳಿದ ಬೆಲೆ ಕೇಳಿ ನಾನು ಹುಡುಗನ ರಟ್ಟೆ ಹಿಡಿದು ಎಬ್ಬಿಸಿದೆ. ಒಂದು ಕಾಳಿಗೆ ನನ್ನ ಎರಡು ದಿನದ ದುಡಿಮೆ. ಹಳೆಯವು ಇವೆಯೇ ಎಂದರೆ ಮೂಗು ಮುರಿದ.

ಹಗರಿಬೊಮ್ಮನಹಳ್ಳಿಯಲ್ಲಿ ದಾರಿ ಸಿಕ್ಕಿತು. ಅಲ್ಲಿ ಹಾಲೇಶಪ್ಪ ಎಂಬ ಗುಜರಿಯವನು ಕಬ್ಬಿಣ, ಬಾಟಲಿ, ರದ್ದಿ ಎಲ್ಲದರ ಜೊತೆ ಸತ್ತ ರೇಡಿಯೋಗಳನ್ನೂ ತೂಕಕ್ಕೆ ಕೊಂಡು ಮೂಲೆಗೆ ಒಗೆದಿದ್ದ. ಅವನ ಮನೆಯ ಹಿತ್ತಾಳೆ ಪಾತ್ರೆಗಳಿಗೆ ನಾನು ಬಿಟ್ಟಿ ಕಲಾಯಿ ಹಾಕಿಕೊಡುವುದು, ಹುಡುಗ ಅಲ್ಲಿಯವರೆಗೆ ಬೇಕಾದ್ದು ಕಿತ್ತುಕೊಳ್ಳುವುದು ಎಂದು ಮಾತಾಯಿತು. ನಾನು ಹೊರಗೆ ತಿದಿ ಹೂಡಿದೆ. ಓಬಳೇಶ ಒಳಗೆ ಆ ಗುಡ್ಡೆಯ ಮೇಲೆ ಕೂತವನು ಸಂಜೆಯ ತನಕ ನೀರು ಕೇಳಲಿಲ್ಲ. ಟಾರ್ಚಿನ ಸೆಲ್ಲು, ಬಲ್ಬು ಇಟ್ಟುಕೊಂಡು ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿ, ಬದುಕಿದ್ದನ್ನು ಬೆಂಕಿಪೆಟ್ಟಿಗೆಗೆ ಹಾಕಿಕೊಳ್ಳುತ್ತಿದ್ದ. ಹಂಪಸಾಗರದ ಕುರಿಯವನೊಬ್ಬನ ರೇಡಿಯೋ ಇತ್ತು. ಹೊಳೆಗೆ ಬಿದ್ದದ್ದಂತೆ, ಮೇಲೆ ನೋಡಲು ಹೊಸದರ ಹಾಗೆಯೇ ಇತ್ತು. ಅದನ್ನೇ ತಗೋ ಎಂದೆ. ಅವನು ಬಿಚ್ಚಿ, ತಂತಿಗಳ ಮೇಲಿನ ಹಸಿರು ಕಿಲುಬು ನೋಡಿ ಬದಿಗಿಟ್ಟ.

"ಹಸರು ತಿಂದೈತಿ ತಾತ. ಒಮ್ಮಿ ಹಸರು ಹತ್ತಿತಂದ್ರ ಆ ತಂತಿ ಉಳಿಯಂಗಿಲ್ಲ," ಅಂದ.

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ.

ಕಿವಿಯ ಫೋನು ಮಾತ್ರ ಅಲ್ಲಿರಲಿಲ್ಲ. ಅದನ್ನು ಹಡಗಲಿಯಲ್ಲಿ ಎರ್ರಮ್ಮ ಎಂಬ ಮುದುಕಿ ಕೊಟ್ಟಳು. ಅವಳ ಕೊಳಗಕ್ಕೆ ನಾನು ಹಿಂದೆ ಕಲಾಯಿ ಹಾಕಿದ್ದೆ. ತೀರಿಹೋದ ಗಂಡನದು, ಇಟ್ಟುಕೊಂಡು ಏನು ಮಾಡಲಿ ಎಂದು ಸೆರಗಿನಿಂದ ಒರೆಸಿ ಹುಡುಗನ ಕೈಗೆ ಹಾಕಿದಳು. ಬಸ್ಸಿನಲ್ಲಿ ಬರುವಾಗ ಅವನು ಅದನ್ನು ಕಿವಿಗೆ ಇಟ್ಟುಕೊಂಡೇ ಕೂತಿದ್ದ, ಆ ಕಡೆಯ ತುದಿಗೆ ಏನೂ ಇಲ್ಲದಿದ್ದರೂ. ಅವನ ಮುಖದಲ್ಲಿ ನಾನು ನಗೆ ಕಂಡದ್ದು ಆ ವರ್ಷ ಅಷ್ಟೇ.

ಎಲ್ಲ ಕೂಡಿತು. ಹಲಗೆಯ ಮೇಲೆ ಹಿತ್ತಾಳೆ ಮೊಳೆ ಹೊಡೆದು, ಹಾಳೆಯಲ್ಲಿದ್ದಂತೆ ಒಂದೊಂದನ್ನೂ ಹುಡುಗನೇ ತನ್ನ ಕೈಯಾರೆ ಜೋಡಿಸಿದ. ಇನ್ನು ಬೆಸುಗೆ ಉಳಿದಿತ್ತು. ಅವನು ನನ್ನ ಮುಂದೆ ಬಂದು ಹಾಳೆ ಹಿಡಿದು ನಿಂತ.

"ಇದ್ರಾಗ ಬರದಾರ ತಾತ. ಬೆಸುಗಿಗೆ ರಾಳ ಮಾತ್ರ ಹಾಕಬೇಕಂತ. ನವಸಾಗರ ಮುಟ್ಟಬಾರದಂತ."

ನವಸಾಗರವೆಂಬ ಆ ಬಿಳಿ ಉಪ್ಪು ಎಂದರೆ ನನ್ನ ಅನ್ನ. ಕಾದ ಪಾತ್ರೆಗೆ ಅದರ ಪುಡಿ ಎರಚಿ ಒರೆಸಿದರೆ ತವರ ಹಾಲಿನ ಕೆನೆಯ ಹಾಗೆ ಹಿಡಿಯುತ್ತದೆ. ಅದನ್ನು ಮುಟ್ಟಬೇಡ ಎಂದು ಎಲ್ಲೋ ಕೂತವನೊಬ್ಬ ಬರೆದದ್ದು, ಅದನ್ನು ನನ್ನ ಮೊಮ್ಮಗ ನನಗೇ ಓದಿ ಹೇಳುವುದು. ಮೊದಲೇ ಸ್ಟೀಲು ಬಂದು ಹೊಟ್ಟೆ ಉರಿದಿತ್ತು, ನನಗೆ ಸಿಟ್ಟು ನೆತ್ತಿಗೇರಿತು.

"ಲೇ, ಅದನ್ನ ಬರದಾವ ಒಂದು ತಂಬಿಗಿಗಾದ್ರೂ ಬೆಸುಗಿ ಹಾಕ್ಯಾನೇನು? ನಲವತ್ತು ವರ್ಷದಾಗ ನನ್ನ ಬೆಸುಗಿ ಬಿಟ್ಟಿದ್ದು ಒಂದು ತೋರ್ಸು ನೋಡಾಮು," ಅಂದೆ.

ಅವನು ತೋರಿಸಲಿಲ್ಲ. ಹಾಳೆ ಮಡಚಿ ಜೇಬಿಗಿಟ್ಟು, ಹಲಗೆಯನ್ನು ನನ್ನ ಮುಂದಿಟ್ಟ. ನಾನು ತಾಮ್ರದ ಮೂತಿಯ ಕೋಲು ಕಾಯಿಸಿ, ನವಸಾಗರಕ್ಕೆ ಒತ್ತಿ, ಕೂದಲಿನಂಥ ತಂತಿಗಳಿಗೂ ಬೆಸುಗೆ ಹಾಕಿದೆ. ಒಂದೊಂದು ಬೆಸುಗೆಯೂ ಬೆಳ್ಳಿಯ ಹಾಗೆ ಹೊಳೆಯಿತು. ಬೇವಿನ ಗಿಡಕ್ಕೆ ಏರಿಯಲ್ ತಂತಿ ಕಟ್ಟಿ ಕಿವಿಗಿಟ್ಟರೆ ಧಾರವಾಡ ಸ್ಟೇಷನ್ ಬಂತು. ಯಾರೋ ಹೆಂಗಸು ಹೊಲಕ್ಕೆ ಗೊಬ್ಬರ ಹಾಕುವ ಬಗ್ಗೆ ಹೇಳುತ್ತಿದ್ದಳು. ಅಂಜಿನಕ್ಕನ ಕಿವಿಗೂ ಇಟ್ಟೆವು. ಅವಳು ಬಹಳ ಹೊತ್ತು ಕೇಳಿಸಿಕೊಂಡು, ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ನೋಡಿದೆಯಾ ಎಂದು ನಾನು ಮೀಸೆ ತಿರುವಿದೆ. ಥೂ ನನ್ನ ಮೀಸೆಗೆ.

ಯುಗಾದಿಗೆ ಇನ್ನೂ ಇಪ್ಪತ್ತು ದಿನ ಇತ್ತು. ಬಿಸಿಲಿನ ಕಾಲ, ತಂಪಾಗಿರಲಿ ಎಂದು ಹಲಗೆಯನ್ನು ನೀರಿನ ಗಡಿಗೆಗಳ ಪಕ್ಕ ಇಡಿಸಿದವನೂ ನಾನೇ. ಹತ್ತು ದಿನ ಚೆನ್ನಾಗಿ ಹಾಡಿತು. ಆಮೇಲೆ ದನಿ ಗೊರಗೊರ ಎನ್ನತೊಡಗಿತು. ಸೆಲ್ಲು ಮುಗಿದಿರಬೇಕೆಂದು ಹುಡುಗ ಹೊಸ ಸೆಲ್ಲು ಹಾಕಿದ; ಗೊರಗೊರದ ನಡುವೆಯೂ ಹಾಡು ಬರುತ್ತಿತ್ತು. ಹಬ್ಬದ ದಿನ ಸಂಜೆ ಹಲಗೆ ಹಿಡಿದುಕೊಂಡು ಬಂದು, ಮೊಳೆಗಳ ಬುಡದಲ್ಲಿ ಹಸಿರು ಬಂದಿದೆ ಎಂದು ತೋರಿಸಿದ. ಹಿತ್ತಾಳೆ ಅಂದಮೇಲೆ ಹಸಿರು ಬರುವುದೇ, ಅದಕ್ಕೇಕೆ ಮುಖ ಹುಳ್ಳಗೆ ಮಾಡುತ್ತೀ ಎಂದೆ. ನಾಳೆ ನಾಲ್ಕು ಜನರಿಗೆ ತೋರಿಸುವ ವಸ್ತು, ಹೊಳೆಯಲಿ ಎಂದು ಹುಣಿಸೆಹಣ್ಣಿನ ರಸ ಹಚ್ಚಿ, ಪಾತ್ರೆ ತಿಕ್ಕಿದ ಹಾಗೆ ಒಂದೊಂದು ಮೊಳೆಯನ್ನೂ ತಿಕ್ಕಿದೆ. ಬಂಗಾರದ ಹಾಗೆ ಹೊಳೆದವು. ಹುಡುಗ ಪಕ್ಕದಲ್ಲಿ ಕೂತು ನೋಡಿದ, ಬೇಡ ಅನ್ನಲಿಲ್ಲ. ಬೇಡ ಅಂದರೆ ತಾತ ಬಯ್ಯುತ್ತಾನೆ ಎಂದು ಅವನಿಗೆ ಗೊತ್ತಿತ್ತು.

ಮಾರನೆಯ ದಿನ ಮೊದಲ ಬಸ್ಸಿಗೆ ಹರಪನಹಳ್ಳಿಗೆ ಹೋದೆವು. ಗುರುಸಂಗಪ್ಪ ಕನ್ನಡಕ ಹಾಕಿಕೊಂಡು ಹಲಗೆಯನ್ನು ಕೈಯಲ್ಲಿ ಹಿಡಿದು, ಜೋಡಣೆ ಬಹಳ ಚೊಕ್ಕ ಇದೆ ಎಂದ. ನನಗೆ ಎದೆ ಉಬ್ಬಿತು. ನಲವತ್ತು ವರ್ಷದಿಂದ ಲೋಹ ಕೂಡಿಸುವ ಮನೆಯ ಹುಡುಗ ಅಂತ ಹೇಳಿಕೊಂಡೆ. ಆತ ಏರಿಯಲ್ ಸಿಕ್ಕಿಸಿ, ಫೋನು ಕಿವಿಗಿಟ್ಟು, ಗ್ಯಾಂಗು ತಿರುಗಿಸಿದ. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಏನೂ ಬರಲಿಲ್ಲ. ಆತ ಸೂಜಿ ತೆಗೆದುಕೊಂಡು ಸುರುಳಿಯ ತಂತಿಯನ್ನು ಮೆಲ್ಲಗೆ ಮುಟ್ಟಿದ. ತಂತಿ ಕಳಚಿ ಬಿತ್ತು. ಇನ್ನೊಂದನ್ನು ಮುಟ್ಟಿದ, ಅದೂ ಬಿತ್ತು. ತುದಿಯಲ್ಲಿ ಹಸಿರು ಪುಡಿ.

"ಬೆಸುಗಿಗೆ ನವಸಾಗರ ಹಾಕೀರಿ, ಅದು ತಂತಿ ತಿಂದೈತಿ," ಅಂದ. ಸಿಟ್ಟಿನಿಂದ ಅಲ್ಲ, ಮನೆಯ ಹಿರಿಯ ಕೇಳುವ ಹಾಗೆ. "ಯಾರು ಹಾಕಿದ್ದಪ್ಪ?"

ಓಬಳೇಶ ಒಮ್ಮೆ ನನ್ನ ಕಡೆ ತಿರುಗಿ ನೋಡಿದ. ನಾನು ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದೆ. ಅಷ್ಟೇ.

"ನಾನ ಹಾಕಿದ್ದುರಿ," ಅಂದ.

"ರಾಳ ಹಾಕಬೇಕಂತ ಎಲ್ಲಾ ಕಡಿ ಬರದಿರ್ತಾರಲ್ಲ. ಓದಿಲ್ಲೇನು?"

"ಓದಿಲ್ರಿ."

ಹಾಳೆ ಅವನ ಅಂಗಿಯ ಜೇಬಿನಲ್ಲೇ ನಾಲ್ಕು ಮಡಿಕೆಯಾಗಿ ಕೂತಿತ್ತು. ನನಗೆ ಕಾಣುತ್ತಿತ್ತು. ಬೆಸುಗೆ ನನ್ನದು ಎಂದರೆ, ಹುಡುಗ ತಾನೇ ಮಾಡಿದ್ದಲ್ಲ ಎಂದು ಜಾಗ ತಪ್ಪೀತು ಅಂತ ಸುಮ್ಮನಾದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಲವತ್ತು ವರ್ಷದ ಜಂಭ ಕೊಚ್ಚಿದ ಬಾಯಿಗೆ, ಅದೇ ಗಳಿಗೆಯಲ್ಲಿ ತಪ್ಪು ನನ್ನದು ಎನ್ನಲು ನಾಚಿಕೆಯಾಯಿತು. ಗುರುಸಂಗಪ್ಪ ಹಲಗೆಯನ್ನು ಹುಡುಗನ ಕೈಗೆ ಕೊಟ್ಟು, ಈ ವರ್ಷ ಆಗುವುದಿಲ್ಲ ಎಂದ. ನಮ್ಮ ಹಿಂದೆ ಇನ್ನೊಬ್ಬ ಹುಡುಗ ಡಬ್ಬಿಯೊಂದನ್ನು ಎದೆಗೆ ಅವುಚಿಕೊಂಡು ನಿಂತಿದ್ದ.

ಮೂರನೆಯ ದಿನ ಚಿಕ್ಕಪ್ಪ ಬಂದು ಓಬಳೇಶನನ್ನು ಕರೆದುಕೊಂಡು ಹೋದ. ಅಂಜಿನಕ್ಕ ರೊಟ್ಟಿ ಕಟ್ಟಿಕೊಟ್ಟಳು. ಹುಡುಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಂದು ತಿಂಗಳು ಕಳೆಯಿತು. ಕೊನೆಗೆ ಒಬ್ಬನೇ ಹರಪನಹಳ್ಳಿಗೆ ಹೋಗಿ ಗುರುಸಂಗಪ್ಪನಿಗೆ ಎಲ್ಲ ಹೇಳಿದೆ. ಬೆಸುಗೆ ಹಾಕಿದ್ದು ನಾನು, ಹುಡುಗ ಓದಿ ಹೇಳಿದರೂ ಕೇಳದವನು ನಾನು ಎಂದೆ. ಒಳಗೆ ಆ ಇನ್ನೊಬ್ಬ ಹುಡುಗ ಸ್ಟೂಲಿನ ಮೇಲೆ ಕೂತು ಸ್ಪೀಕರಿನ ಧೂಳು ಒರೆಸುತ್ತಿದ್ದ. ಗುರುಸಂಗಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಬೆಸುಗಿ ನೀವು ಹಾಕಿದ್ರೇನಾತು ಯಜಮಾನ್ರ? ಬೆಸುಗಿ ನಾನು ಕಲಿಸ್ತಿದ್ದೆ. ಜೋಡಿಸಿದ್ದು ಹುಡುಗನ ಕೈ ಅಂತ ನೋಡಿದ್ರ ತಿಳಿತಿತ್ತು. ಓದಿಲ್ಲ ಅಂದ್ನಲ್ಲ, ಅದಕ್ಕ ಬ್ಯಾಡ ಅಂದೆ," ಅಂದ.

ರಾಳ ಎಲ್ಲಿ ಸಿಗುತ್ತದೆ ಎಂದು ಯಾಕೋ ಕೇಳಿದೆ. ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ, ಎಂಟಾಣೆಗೆ ಒಂದು ಹಿಡಿ ಎಂದ. ಮೂರು ತಾಲೂಕು ಅಲೆದು ಬಿಟ್ಟಿ ಸಾಮಾನು ಕೂಡಿಸಿದವನು ನಾನು, ನಮ್ಮ ಓಣಿಯ ಅಂಗಡಿಗೆ ಹೋಗಲಿಲ್ಲ.

ಪಂಚಮಿ ಹಬ್ಬಕ್ಕೆ ಓಬಳೇಶ ಊರಿಗೆ ಬಂದ. ಕಿವಿಯ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಕೆಂಪು ಧೂಳು. ಅವನು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದಾಗ ನಾನು ನೀರು ಹಾಕುತ್ತ, ಹರಪನಹಳ್ಳಿಗೆ ಹೋಗಿ ನಿಜ ಹೇಳಿ ಬಂದೆ ಎಂದೆ. ಅವನು ಕೈ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಅವತ್ತು ನಿನ್ನ ಮುಖ ನೋಡ್ದೆ ತಾತ," ಅಂದ. "ನೀನ ಹೇಳ್ತಿ ಅಂತ ತಿಳ್ಕಂಡಿದ್ದೆ."

ಆಮೇಲೆ ಒಳಗೆ ಹೋಗಿ ಊಟಕ್ಕೆ ಕೂತ. ಅವನು ತನ್ನ ಮೊದಲ ಪಗಾರದಲ್ಲಿ ತಂದಿದ್ದ ಹೊಸ ಸ್ಟೀಲಿನ ತಟ್ಟೆಯಲ್ಲಿ ಅಂಜಿನಕ್ಕ ಮಗನಿಗೆ ಅನ್ನ ಬಡಿಸಿದಳು.