ಸೀಲು ಒಡೆದ ಮೇಲೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಆರೂ ಟ್ರಾನ್ಸಿಸ್ಟರ್ ಸುಟ್ಟುಹೋಗಲಿ. ಎರಡು ಆಗಲೇ ಸುಟ್ಟಿವೆ, ಅದರ ಕಾರಣ ಬೇರೆ. ಸಾಕ್ಷಿಗೆ ಎದುರು ಗೋಡೆಯ ಹಲ್ಲಿ ಇದೆ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ ಎಂದು ಈ ಕಡೆ ಜನ ನಂಬುತ್ತಾರೆ. ಸರಿಯಾಗಿ ಕೇಳಿಸಿಕೋ, ಹಲ್ಲಿ.

ನಾನು ಒಂದು ಎಲೆಕ್ಟ್ರಿಕ್ ಸೈಕಲ್ಲಿನ ಕಂಟ್ರೋಲರ್. ಸೋಪಿನ ಡಬ್ಬಿಯಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ಬ್ಯಾಟರಿಯ ಕರೆಂಟನ್ನು ಯಾವಾಗ, ಎಷ್ಟು ಮೋಟರಿಗೆ ಬಿಡಬೇಕು ಎನ್ನುವುದು ನನ್ನ ಕೆಲಸ. ಫ್ಯಾಕ್ಟರಿಯವರು ಫರ್ಮ್‌ವೇರ್ ಎಂಬ ಆಜ್ಞೆಗಳನ್ನು ನನ್ನೊಳಗೆ ಬರೆದು, ಯಾರೂ ಓದದಂತೆ ಬೀಗ ಹಾಕಿ, ಮೇಲೆ ‘ಸೀಲು ಒಡೆದರೆ ನಾವು ಜವಾಬ್ದಾರರಲ್ಲ’ ಎಂದು ಚೀಟಿ ಅಂಟಿಸಿದರು. ಹುಟ್ಟಿದ ದಿನವೇ ಹಣೆಗೆ ಅಂಥದ್ದು ಅಂಟಿದರೆ ಯಾರ ಮೇಲೆ ನಂಬಿಕೆ ಬರುತ್ತದೆ?

ನನ್ನ ಯಜಮಾನಿ ಧಾರವಾಡದ ಪಾರವ್ವ. ಸೀಟಿನ ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವಳ ಬಲ ಮಂಡಿ ಮಾತ್ರ, ಅದೂ ಊದಿದ್ದು. ದಿನಾ ಜೋಳದ ರೊಟ್ಟಿ ಬಡಿದು, ಬುಟ್ಟಿ ಕಟ್ಟಿ, ದಿಬ್ಬದ ಮೇಲಿನ ಹಾಸ್ಟೆಲ್ಲಿಗೆ ಒಯ್ಯುತ್ತಿದ್ದಳು. ದಿಬ್ಬದ ನಡುವೆ ಬಸ್ಸು ತಿರುಗುವ ಜಾಗ, ಅಲ್ಲಿ ನಿಲ್ಲಲೇಬೇಕು. ನಿಂತ ಮೇಲೆ ಪೆಡಲ್ ಪೂರ್ತಿ ಒಂದು ಸುತ್ತು ತಿರುಗುವವರೆಗೆ ಕರೆಂಟು ಬಿಡಬಾರದೆಂದು ನನಗೆ ಆಜ್ಞೆ. ಆ ಏರಿನಲ್ಲಿ ಆ ಮಂಡಿಗೆ ಒಂದು ಸುತ್ತು ಆಗುತ್ತಿರಲಿಲ್ಲ. ಇಳಿದು ತಳ್ಳುತ್ತಿದ್ದಳು. ಮುಟ್ಟುವಷ್ಟರಲ್ಲಿ ಊಟದ ಗಂಟೆ ಹೊಡೆದಿರುತ್ತಿತ್ತು.

“ಸೋಮವಾರದಿಂದ ಹನ್ನೆರಡರೊಳಗ ಬರ್ಲಿಲ್ಲಂದ್ರ ಬ್ಯಾರೆಯವ್ರಿಗೆ ಹೇಳ್ತೀನಿ ನೋಡವಾ,” ಎಂದ ಹಾಸ್ಟೆಲ್ಲಿನ ಅಡುಗೆಯವ.

ಸೈಕಲ್ ಮಾರಿದ ಅಂಗಡಿಯವನು ‘ಅದು ಇರೂದ ಹಂಗ’ ಎಂದು ಕೈ ತೊಳೆದುಕೊಂಡ. ಕೊನೆಗೆ ಪಾರವ್ವ ಟಿವಿ ರಿಪೇರಿಯ ದಸ್ತಗೀರ ನದಾಫನ ಅಂಗಡಿಗೆ ಬಂದಳು. ಅವನಿಗೊಂದು ವ್ಯಸನ. ಎಂದೂ ಮುಖ ನೋಡದ ಹದಿನೇಳು ಮಂದಿಯ ಜೊತೆ ಸೇರಿ ನನ್ನಂಥವರಿಗೆ ಹೊಸ ಫರ್ಮ್‌ವೇರ್ ಬರೆಯುವುದು. ಅದನ್ನು ಯಾರು ಬೇಕಾದರೂ ಓದಿ, ತಿದ್ದಿ, ಒಯ್ಯಲಿ ಎಂದು ಇಂಟರ್ನೆಟ್ಟಿನಲ್ಲಿ ತೆರೆದಿಡುವುದು. ಅವನು ನನ್ನ ಸೀಲು ಒಡೆದ. ಕಳ್ಳನಾಗಿದ್ದರೆ ಬೇಗ ಮುಗಿಸುತ್ತಿದ್ದ. ಇವನು ಚಹಾ ಕುಡಿಯುತ್ತ, ನಿಧಾನವಾಗಿ ಒಡೆದ. ನನ್ನ ಸಂಶಯ ಗಟ್ಟಿಯಾಯಿತು.

ಪಾರವ್ವನದೂ ಗಟ್ಟಿಯಾಯಿತು. “ಎಷ್ಟ ಕೊಡ್ಬೇಕು?”

“ಏನೂ ಬ್ಯಾಡಕ್ಕಾ. ಇದು ಎಲ್ಲಾರ್ದೂ.”

“ಎಲ್ಲಾರ್ದೂ ಅಂದ್ರ ಯಾರ್ದೂ ಅಲ್ಲ. ನಾಳೆ ಗಾಡಿ ನನ್ನ ಕೆಡವಿದ್ರ ಯಾರ ಅಂಗಿ ಹಿಡೀಲಿ?”

“ನಂದು ಹಿಡಿ. ಯಾವ ಸಾಲು ಯಾರು ಬರ್ದಾರ ಅಂತ ಒಳಗ ಹೆಸರು ಹಾಕೇವಿ.”

ಒಂದು ಸುತ್ತಿನ ಬದಲು ಕಾಲು ಸುತ್ತಿಗೇ ಕರೆಂಟು ಬಿಡು ಎಂದು ಬರೆದ. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಗಾಲಿ ಗಾಳಿಯಲ್ಲಿಟ್ಟು, ಕೈಯಿಂದ ಪೆಡಲ್ ತಿರುಗಿಸಿದ. ಗಾಲಿ ಹಾಡಿತು. ಗಾಳಿಯಲ್ಲಿ ಯಾವ ಗಾಲಿ ಹಾಡುವುದಿಲ್ಲ ಹೇಳಿ?

ಶನಿವಾರ ಬಸ್ಸು ತಿರುಗುವ ಜಾಗದಲ್ಲಿ ನಿಂತೆವು. ಮುಂದೆ ಒಂದು ಎಮ್ಮೆ. ಪಾರವ್ವ ರೂಢಿಯಂತೆ ಪೆಡಲ್ಲಿನಡಿ ಕಾಲ್ಬೆರಳು ಸಿಕ್ಕಿಸಿ ಹಿಂದಕ್ಕೆ ತಿರುವಿದಳು. ಕಾಲು ಸುತ್ತು ಆಯಿತಲ್ಲ, ಆಜ್ಞೆಯಂತೆ ಬಿಟ್ಟೆ. ಸೈಕಲ್ಲು ಎದ್ದು ಎಮ್ಮೆಯ ಮೇಲಿಂದ ಹಾರಿತು. ಎಮ್ಮೆ ಮೆಲುಕು ನಿಲ್ಲಿಸಲಿಲ್ಲ. ಬುಟ್ಟಿಯಲ್ಲಿದ್ದವು ಮುಟ್ಟಿದರೆ ಮುರಿಯುವ ಒಣ ಕಟಕ್ ರೊಟ್ಟಿ, ಒಂದೂ ಮುರಿಯಲಿಲ್ಲ. ಪಾರವ್ವನ ಮೊಣಕೈ ಮಾತ್ರ ತರಚಿತು.

ಲೊಚ್, ಲೊಚ್. ಕೇಳಿಸಿತಲ್ಲ? ನಾನು ಹೇಳಿಕೊಟ್ಟದ್ದಲ್ಲ.

ಅವಳು ನೇರ ಬಂದು ದಸ್ತಗೀರನ ಅಂಗಿ ಹಿಡಿದಳು. “ಸೈಕಲ್ ಹೊಡ್ದು ಎಷ್ಟ ವರ್ಷ ಆತೋ ನಿನಗ?”

“ನಾ ಸ್ಕೂಟರಿನ್ಯಾಂವ, ಅಕ್ಕಾ...”

“ಅದಕ್ಕ! ಹೊಂಡೂಕಿಂತ ಮೊದ್ಲ ಪೆಡಲ್ ಹಿಂದಕ್ಕ ತಿರುವಿ ಮ್ಯಾಲ ತರ್ತೇವಿ. ಅಷ್ಟಕ್ಕ ಹೊಂಟಾಳ ಅಂತ ತಿಳೀತು ನಿನ್ನ ಪೆಟಗಿ.”

ದಸ್ತಗೀರ ಮತ್ತೆ ನನಗೆ ವೈರು ಜೋಡಿಸಿದ. ಅವನೂ ಸೇರಿ ಹದಿನೆಂಟು ಮಂದಿಯೂ ಗಾಳಿಯಲ್ಲೇ, ಮುಂದಕ್ಕೇ ತಿರುಗಿಸಿ ನೋಡಿದವರು. ಅವಳ ಮುಂದೆಯೇ ಹೊಸ ಸಾಲು ಬರೆದ: ಹಿಂದಕ್ಕೆ ತಿರುಗಿದ್ದಕ್ಕೆ ಕರೆಂಟು ಬಿಡಬೇಡ.

ಸೋಮವಾರ ಅದೇ ಜಾಗ. ಪೆಡಲ್ ಹಿಂದಕ್ಕೆ ಬಂತು. ನಾನು ಉಸಿರು ಬಿಡಲಿಲ್ಲ. ಮುಂದಕ್ಕೆ ಕಾಲು ಸುತ್ತು ಬಂತು. ಬಿಟ್ಟೆ. ಹನ್ನೆರಡಕ್ಕೆ ಹದಿಮೂರು ನಿಮಿಷ ಇರುವಾಗ ಬುಟ್ಟಿ ಇಳಿಯಿತು. ಅಡುಗೆಯವ ತನ್ನ ವಾಚು ಬಿಚ್ಚಿ ಅಲ್ಲಾಡಿಸಿ ನೋಡಿದ.

ಹಾಗೆ ನಾಲ್ಕು ವರ್ಷ. ಆಮೇಲೊಂದು ದಿನ ಎಣಗಾಯಿ ಪಲ್ಯದ ಡಬ್ಬಿಯಿಂದ ಎಣ್ಣೆ ಸೋರಿ, ಸೀಲು ಒಡೆದ ಸಂದಿಯಿಂದಲೇ ಒಳಗಿಳಿದು ಎರಡು ಟ್ರಾನ್ಸಿಸ್ಟರ್ ಸುಟ್ಟಿತು. ಚೀಟಿಯಲ್ಲಿ ಮೊದಲೇ ಬರೆದಿತ್ತು, ಯಾರು ಓದುತ್ತಾರೆ? ಈಗ ದಸ್ತಗೀರನ ಅಂಗಡಿಯ ಈ ಹಲಗೆಯ ಮೇಲಿದ್ದೇನೆ. ಪಾರವ್ವನ ಸೈಕಲ್ಲಿಗೆ ಬೇರೆ ಕಂಟ್ರೋಲರ್ ಬಂದಿದೆ. ಅದರೊಳಗೂ ಅದೇ ಸಾಲು.

ಆ ಸಾಲಿನ ಪಕ್ಕ ದಸ್ತಗೀರ ತನ್ನ ಹೆಸರು ಹಾಕಲಿಲ್ಲ. ‘ಕಂಡುಹಿಡಿದವರು: ಪಾರವ್ವ, ರೊಟ್ಟಿ’ ಎಂದು ಹಾಕಿದ. ಹದಿನೇಳು ಮಂದಿಯೂ ಒಪ್ಪಿ ತಮ್ಮೂರಿನ ಸೈಕಲ್ಲುಗಳಿಗೂ ಇಳಿಸಿಕೊಂಡರು. ಜೋಳವನ್ನೇ ಕಾಣದ ಊರುಗಳಲ್ಲಿ, ಯಾರೋ ಏರಿನಲ್ಲಿ ನಿಂತು ಪೆಡಲ್ ಹಿಂದಕ್ಕೆ ತಿರುವಿದಾಗ ಸೈಕಲ್ಲು ಅಲುಗದೆ ನಿಲ್ಲುತ್ತದಲ್ಲ, ಆಗ ಒಳಗೆ ಅವಳ ಹೆಸರು... ಏ ಹಲ್ಲಿ, ಎಲ್ಲಿಗೆ? ಎಮ್ಮೆಗೆ ಲೊಚಗುಟ್ಟಿದೆ, ಇದಕ್ಕೂ ಒಂದು ಸಲ, ಇದೊಂದಕ್ಕಾದರೂ ನೀನು...