ಸಹಿಯಾಗದ ಸಾಲು

ಶಹಾಪುರದ ಆ ಖಾಸಗಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುತ್ತ ಇನಾಯತನಿಗೆ ಆರು ವರ್ಷ ತುಂಬಿತ್ತು. ನೌಕರಿ ಮಾತ್ರ ಇನ್ನೂ ಖಾಯಂ ಆಗಿರಲಿಲ್ಲ. ಹಗಲೆಲ್ಲ ಅಂಗಡಿಯಲ್ಲಿ ಬಟ್ಟೆ ಮಡಚಿ, ಸಂಜೆ ಕಾಲೇಜಿನಲ್ಲಿ ಓದಿ ಮೇಲೆ ಬಂದವನಿಗೆ ಇದೊಂದೇ ಆಸರೆ. ಮಧ್ಯಾಹ್ನದ ಬಿಡುವಿನಲ್ಲಿ ವರಾಂಡದ ಸ್ಪೀಕರುಗಳಿಂದ ಕೇಳಿಬರುವ ವಿದ್ಯಾರ್ಥಿಗಳ ರೇಡಿಯೊಕ್ಕೂ ಅವನೇ ಮಾರ್ಗದರ್ಶಿ. ಖಾಯಮಾತಿಯ ಅರ್ಜಿಯಲ್ಲಿ ಆ ಕೆಲಸಕ್ಕೆ ಒಂದು ಅಂಕವೂ ಇರಲಿಲ್ಲ. ಏನಾದರೂ ತಪ್ಪಾದರೆ ಮಾತ್ರ ಅದು ಎಲ್ಲರಿಗೂ ನೆನಪಾಗುತ್ತಿತ್ತು.

ಕಾರ್ಯಕ್ರಮವನ್ನು ಮಾರ್ಗದರ್ಶಿ ಮೊದಲು ಕೇಳಬೇಕು, ರಜಿಸ್ಟರಿನಲ್ಲಿ ಸಹಿ ಮಾಡಬೇಕು, ಆಮೇಲೆ ಪ್ರಸಾರ. ಇನಾಯತ ಅಂಜುಬುರುಕ, ಪ್ರತಿಯೊಂದನ್ನೂ ಎರಡೆರಡು ಸಲ ಕೇಳುತ್ತಿದ್ದ. ಹಾಸ್ಟೆಲಿನ ನೀರಿನ ಬಗ್ಗೆ ವಿದ್ಯಾರ್ಥಿನಿ ಸುಮಲತಾ ಮಾಡಿದ ಕಾರ್ಯಕ್ರಮವನ್ನು ಸುರಪುರದ ಮನೆಗೆ ಹೋಗುವ ಬಸ್ಸಿನಲ್ಲಿ, ಮೊಬೈಲಿನಲ್ಲಿ ಕೇಳಿದ. ನೀರಿನ ಟಾಕಿ ತೊಳೆದು ವರ್ಷವಾಯಿತೆಂದು ಅಡುಗೆಯ ಹಣಮಂತಮ್ಮ ಅದರಲ್ಲಿ ಹೇಳಿದ್ದಳು. ಬಸ್ಸಿಳಿದವನೇ ಸುಮಲತಾಳಿಗೆ ಫೋನು ಮಾಡಿದ.

"ಆಕಿ ಹೆಸರು ತಗೀವಾ. ಪಾಪ, ನೌಕರಿ ಹೋದೀತು. ಉಳಿದದ್ದು ಛಲೋ ಅದ, ಹಾಕು."

"ಸಹಿ, ಸರ್?"

"ಬಂದು ಮಾಡ್ತೀನಿ."

ಮರುದಿನ ಪರೀಕ್ಷೆಯ ಕೆಲಸಕ್ಕೆಂದು ಅವನನ್ನು ಯಾದಗಿರಿಗೆ ಕಳಿಸಿದರು. ಇತ್ತ ಕಾರ್ಯಕ್ರಮ ಪ್ರಸಾರವಾಯಿತು. ಅದರ ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲ ವೆಂಕಪ್ಪನವರು ಕರೆಸಿದರು. ಮೇಜಿನ ಮೇಲೆ ರಜಿಸ್ಟರು, ಪಕ್ಕದಲ್ಲಿ ಅವನ ಖಾಯಮಾತಿಯ ಕಡತ. ಗೋಡೆಯ ಬದಿಗೆ ಸುಮಲತಾ ನಿಂತಿದ್ದಳು.

"ಬರ್ರಿ ಇನಾಯತಸಾಬ್ರ. ನಿಮ್ಮ ರೇಡಿಯೊ ಯಾರೂ ಕೇಳಂಗಿಲ್ಲ ಅಂತಿದ್ದೆ. ಈಗ ಊರೆಲ್ಲ ಕೇಳ್ಯಾದ ನೋಡ್ರಿ. ಆಡಳಿತ ಮಂಡಳಿಯವರು ಕೆಂಡ ಆಗ್ಯಾರ. ನಿಮ್ಮ ಪುಣ್ಯಕ್ಕ ಇಲ್ಲಿ ಸಹಿ ಇಲ್ಲ. ಕೇಳಿದ್ರೇನು ಇದನ್ನ?"

ಇನಾಯತ ಕಡತದತ್ತ ನೋಡಿದ. ಕೇಳಿದ್ದೆ ಎಂದರೆ ಕಡತ ಇಲ್ಲಿಗೇ ಮುಚ್ಚುತ್ತದೆ. ಇಲ್ಲ ಎಂದರೆ ಹುಡುಗಿ ಸಿಕ್ಕಿಬೀಳುತ್ತಾಳೆ. ಅವನು ಮಾತು ಜೋಡಿಸುವಷ್ಟರಲ್ಲಿ ಸುಮಲತಾಳೇ ಅಂದಳು:

"ಸರ್ ಕೇಳಿಲ್ರಿ. ನಾನ ಹಾಕೀನಿ."

"ಹೌದೇನ್ರಿ?" ವೆಂಕಪ್ಪನವರು ಅವನತ್ತ ತಿರುಗಿದರು.

ರಜಿಸ್ಟರಿನ ಖಾಲಿ ಜಾಗವನ್ನೇ ನೋಡುತ್ತ ಅವನು ತಲೆ ತಗ್ಗಿಸಿದ. ಅದನ್ನೇ ಉತ್ತರವೆಂದು ಅವರು ಬರೆದುಕೊಂಡರು.

ಸುಮಲತಾಳನ್ನು ರೇಡಿಯೊದಿಂದಲೂ ಹಾಸ್ಟೆಲಿನಿಂದಲೂ ತೆಗೆದರು. ಅವಳು ತನ್ನೂರು ಹತ್ತಿಕುಣಿಯಿಂದ ಯಾದಗಿರಿ ಮೇಲೆ ದಿನಾ ಎರಡು ಬಸ್ಸು ಬದಲಿಸಿ ಬರತೊಡಗಿದಳು. ದನಿಯ ಗುರುತು ಹಿಡಿದು ಹಣಮಂತಮ್ಮನನ್ನೂ ಕೆಲಸದಿಂದ ಬಿಡಿಸಿದರು. ತಿಂಗಳೊಪ್ಪತ್ತಿನಲ್ಲಿ ಇನಾಯತನ ಕೈಗೆ ಖಾಯಮಾತಿಯ ಆದೇಶ ಬಂತು. ಹೆಂಡತಿ ಮಮ್ತಾಜ ಓಣಿಯಲ್ಲಿ ಮನೆಮನೆಗೂ ಪೇಡೆ ಹಂಚಿದಳು. ಅವನು ತನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿಟ್ಟ.

ಒಂದು ಸಂಜೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸುಮಲತಾ ಎದುರಾದಳು.

"ಖಾಯಂ ಆತಂತಲ್ರಿ ಸರ್. ಛಲೋ ಆತು."

ಅವನಿಗೆ ತಡೆಯಲಾಗಲಿಲ್ಲ. "ಅವತ್ತು ಯಾಕ ಹಂಗ ಅಂದಿ, ತಂಗಿ? ನಾ ಕೇಳಿದ್ದು ನಿನಗ ಗೊತ್ತಿತ್ತು."

ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

"ನೀವು ಇಲ್ಲ ಅಂತೀರಿ ಅನಿಸ್ತ್ರಿ, ಸರ್. ಅದು ನಿಮ್ಮ ಬಾಯಿಂದ ಬರೂದು ನನಗ ಬ್ಯಾಡಾಗಿತ್ತು."

ಯಾದಗಿರಿಯ ಬಸ್ಸು ಬಂದು ನಿಂತಿತು. ಜನ ನೂಕಾಡಿದರು. ಅವಳೂ ಅವರೊಳಗೊಬ್ಬಳಾಗಿ ಹತ್ತಿಹೋದಳು.